ಒಡೆದು ನೋಡದೆ ಎಸೆಯಬೇಡಿ

ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳು. ತುಮಕೂರು ಸೀಮೆಯ ನಮ್ಮ ಮನೆಯ ಪಡಸಾಲೆಯಲ್ಲಿ ಹಳೇ ದಿನಪತ್ರಿಕೆ ಹಾಸಿಕೊಂಡು, ಎದುರಿಗೆ ಹದಿನೇಳು ಮೊಟ್ಟೆ ಇಟ್ಟುಕೊಂಡು ಕೂತಿದ್ದೆ. ಥರ್ಮೋಕೋಲ್ ಪೆಟ್ಟಿಗೆ, ಬಲ್ಬು, ಸಣ್ಣ ಫ್ಯಾನು, ಉಷ್ಣತೆ ಹಿಡಿದಿಡುವ ಥರ್ಮೋಸ್ಟ್ಯಾಟ್ ಸೇರಿಸಿ ಮಾಡಿಕೊಂಡ ಕಾವುಪೆಟ್ಟಿಗೆಗೆ ಇಟ್ಟದ್ದು 24 ನಾಟಿ ಮೊಟ್ಟೆ. ಮರಿಯಾದದ್ದು ಏಳು. ಉಳಿದವು ಇಪ್ಪತ್ತೆರಡನೇ ದಿನ ದಾಟಿದರೂ ಅಲುಗಲಿಲ್ಲ.

ಕಾರಣ ಹೇಳುವವರಿಗೇನೂ ಬರವಿರಲಿಲ್ಲ. ಹುಂಜ ಸರಿಯಿಲ್ಲ ಎಂದರು ಒಬ್ಬರು. ಮೊಟ್ಟೆ ಕೊಟ್ಟವರು ಹಳೆಯದನ್ನು ಸೇರಿಸಿದ್ದಾರೆ ಎಂದರು ಇನ್ನೊಬ್ಬರು. ಕರೆಂಟು ಹೋಗಿ ಬಂದು ಮಾಡಿದ್ದೇ ಕೆಡಿಸಿತು ಎಂಬುದು ಮನೆಯವರ ತೀರ್ಮಾನ. ಪೆಟ್ಟಿಗೆಯ ಮರಿಯೇ ಆಗಿಬರುವುದಿಲ್ಲ, ಹೇಂಟೆಯ ಕಾವೇ ಕಾವು ಎಂದರು ಹಿರಿಯರು. ಎಲ್ಲರೂ ಹೇಳಿದ್ದು ಊಹೆ. ನಿಜವಾದ ಕಾರಣ ಆ ಹದಿನೇಳು ಚಿಪ್ಪುಗಳ ಒಳಗೇ ಇತ್ತು. ಅದನ್ನು ಓದಲು ಮೊಟ್ಟೆ ಒಡೆಯಬೇಕಿತ್ತು, ಅಷ್ಟೇ.

ನಾಟಿ ಹೇಂಟೆ ಹತ್ತು-ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ಕಾವು ಮುಗಿಸಿ, ಮರಿಗಳನ್ನು ಜೊತೆಗೆ ತಿರುಗಿಸಿ, ಅವು ಬೇರೆಯಾಗುವ ತನಕ ಎರಡು-ಮೂರು ತಿಂಗಳು ಮತ್ತೆ ಮೊಟ್ಟೆಯಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂಥ ಸುಧಾರಿತ ಕೋಳಿಗಳಿಗೆ ಕಾವು ಕೂರುವ ಗುಣವೇ ಕಡಿಮೆ. ಹಾಗಾಗಿ ಹಿತ್ತಲಲ್ಲಿ ಹತ್ತಿಪ್ಪತ್ತು ಕೋಳಿ ಸಾಕುವವರೂ ಈಗ ಕಾವುಪೆಟ್ಟಿಗೆ ಕೊಳ್ಳುತ್ತಾರೆ, ಇಲ್ಲವೇ ತಾವೇ ಮಾಡಿಕೊಳ್ಳುತ್ತಾರೆ. ಒಂದೆರಡು ಸಲ ಕೈಸುಟ್ಟುಕೊಂಡು ಅಟ್ಟಕ್ಕೆ ಹಾಕುವವರೂ ಅವರೇ. ಆ ಪೆಟ್ಟಿಗೆಗಳಲ್ಲಿ ಬಹುಪಾಲು ಕೆಟ್ಟಿರುವುದಿಲ್ಲ. ಅವುಗಳ ಅಳತೆ ತಪ್ಪಿರುತ್ತದೆ.

ಲೆಕ್ಕ ಎರಡು

ಮೊದಲು ಲೆಕ್ಕ ಸರಿಯಾಗಿ ಹಾಕಬೇಕು. ನನ್ನ 24 ಮೊಟ್ಟೆಯಲ್ಲಿ ಏಳು ಮರಿ ಎಂದರೆ ಶೇ 29. ಆದರೆ ಒಡೆದಾಗ ಐದು ಮೊಟ್ಟೆಯಲ್ಲಿ ಬೆಳವಣಿಗೆಯೇ ಇರಲಿಲ್ಲ. ಅವು ಗೊಡ್ಡು ಮೊಟ್ಟೆ, ಹುಂಜ ಕೂಡದ ಮೊಟ್ಟೆ. ಅವನ್ನು ಬಿಟ್ಟರೆ ಜೀವವಿದ್ದದ್ದು 19. ಹತ್ತೊಂಬತ್ತರಲ್ಲಿ ಏಳು ಎಂದರೆ ಶೇ 37.

ಈ ಎರಡೂ ಅಂಕಿ ಬೇಕು, ಏಕೆಂದರೆ ಎರಡೂ ಬೇರೆ ಬೇರೆ ಕಡೆ ಬೆರಳು ತೋರಿಸುತ್ತವೆ. ಗೊಡ್ಡು ಮೊಟ್ಟೆ ಜಾಸ್ತಿಯಿದ್ದರೆ ತಪ್ಪು ಕೋಳಿಗೂಡಿನಲ್ಲಿದೆ: ಹುಂಜಕ್ಕೆ ವಯಸ್ಸಾಗಿರಬಹುದು, ಹೇಂಟೆಗಳು ಹೆಚ್ಚಾಗಿರಬಹುದು, ಬಿಸಿಲಿಗೆ ಕೋಳಿಗಳು ಕೂಡುವುದು ಕಡಿಮೆಯಾಗಿರಬಹುದು. ಎಂಟು-ಹತ್ತು ಹೇಂಟೆಗೆ ಒಂದು ಗಟ್ಟಿ ಹುಂಜ ಇರಬೇಕು. ಜೀವವಿದ್ದ ಮೊಟ್ಟೆಗಳೇ ಮರಿಯಾಗದೆ ಉಳಿದರೆ ತಪ್ಪು ಕಾವುಪೆಟ್ಟಿಗೆಯದ್ದು, ಇಲ್ಲವೇ ಮೊಟ್ಟೆಯನ್ನು ಅಲ್ಲಿಯವರೆಗೆ ಇಟ್ಟುಕೊಂಡ ಬಗೆಯದ್ದು. ನನ್ನದು ಎರಡನೇ ಸಾಲಿಗೆ ಸೇರಿತ್ತು. ಹುಂಜವನ್ನು ಬೈದು ಪ್ರಯೋಜನವಿರಲಿಲ್ಲ.

ಇಲ್ಲೇ ಒಂದು ಮಾತು. ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆ ಎಷ್ಟು ಕಾವು ಕೊಟ್ಟರೂ ಮರಿಯಾಗದು. ಆ ಹೇಂಟೆಗಳು ಪಂಜರದಲ್ಲಿ ಹುಂಜದ ಸಂಗವಿಲ್ಲದೆಯೇ ಮೊಟ್ಟೆಯಿಡುತ್ತವೆ. ಮಕ್ಕಳು ಆಸೆಯಿಂದ ಇಟ್ಟು ಕಾದು ಕೂರುತ್ತಾರೆ. ಅವರಿಗೆ ಮೊದಲೇ ತಿಳಿಸಿಹೇಳಿ.

ಚಿಪ್ಪಿನೊಳಗಿನ ದಿನಚರಿ

ಕೋಳಿಮೊಟ್ಟೆಗೆ 21 ದಿನ. ಕಾವಿಗಿಟ್ಟು ಎರಡು ದಿನವಾಗುವ ಹೊತ್ತಿಗೆ ಹೃದಯ ಮಿಡಿಯತೊಡಗುತ್ತದೆ. ನಾಲ್ಕೈದನೇ ದಿನ ಭಂಡಾರದ, ಎಂದರೆ ಮೊಟ್ಟೆಯ ಹಳದಿಯ, ಮೇಲೆ ರಕ್ತನಾಳಗಳು ಜೇಡರ ಬಲೆಯಂತೆ ಹರಡಿಕೊಂಡು, ನಡುವೆ ಕಣ್ಣಿನ ಕಪ್ಪು ಚುಕ್ಕೆ ಮೂಡುತ್ತದೆ. ಏಳನೇ ದಿನ ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿದರೆ ಇದೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ಎರಡನೇ ವಾರದ ಕೊನೆಗೆ ಮೈಮೇಲೆ ತುಪ್ಪುಳ ಬಂದು, ಮರಿ ತಲೆಯನ್ನು ದಪ್ಪ ತುದಿಯ ಕಡೆಗೆ ತಿರುಗಿಸಿಕೊಳ್ಳುತ್ತದೆ. ಹತ್ತೊಂಬತ್ತು-ಇಪ್ಪತ್ತನೇ ದಿನ ಉಳಿದ ಭಂಡಾರವನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಕೊಕ್ಕಿನಿಂದ ಒಳಪೊರೆ ತೂತುಮಾಡಿ, ದಪ್ಪ ತುದಿಯಲ್ಲಿರುವ ಗಾಳಿಚೀಲದಿಂದ ಮೊದಲ ಉಸಿರು ತೆಗೆದುಕೊಳ್ಳುತ್ತದೆ. ಮೊಟ್ಟೆಗೆ ಕಿವಿಗೊಟ್ಟರೆ ಆಗಲೇ ಚಿಯ್‌ಗುಟ್ಟುವುದು ಕೇಳುತ್ತದೆ. ಬಳಿಕ ಚಿಪ್ಪಿಗೆ ಪೆಟ್ಟು.

ಈ ದಿನಚರಿ ಗೊತ್ತಿದ್ದರೆ ಸತ್ತ ಮೊಟ್ಟೆಯನ್ನು ಓದುವುದು ಕಷ್ಟವಲ್ಲ. ಎಷ್ಟು ಬೆಳೆದಿದೆಯೋ ಅದೇ ಅದು ನಿಂತುಹೋದ ತಾರೀಖು.

ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ದಪ್ಪ ತುದಿಯ ಚಿಪ್ಪನ್ನು ಚಮಚದ ಹಿಂಬದಿಯಿಂದ ಮೆಲ್ಲಗೆ ತಟ್ಟಿ ಬಿಡಿಸುತ್ತ ಹೋದೆ. ನಾರುವ ಮೊಟ್ಟೆ ಒತ್ತಡಕ್ಕೆ ಸಿಡಿಯುವುದುಂಟು. ಅಂಥದ್ದನ್ನು ಬೇರೆಯಾಗಿ ಹೊರಗೆ ಇಟ್ಟು ಕೊನೆಗೆ ನೋಡಬೇಕು.

ಗೊಡ್ಡು ಮೊಟ್ಟೆ ಐದು. ಮೂರರಲ್ಲಿ ಭಂಡಾರದ ಸುತ್ತ ಕೆಂಪು ಬಳೆಯಂಥ ರಕ್ತದ ಗೆರೆ. ಎಂದರೆ ಜೀವ ಮೂಡಿ, ಮೊದಲ ನಾಲ್ಕು ದಿನದೊಳಗೆ ನಿಂತುಹೋಗಿತ್ತು. ಉಳಿದ ಒಂಬತ್ತರಲ್ಲಿ ಪೂರ್ತಿ ಬೆಳೆದ ಮರಿ. ರೆಕ್ಕೆ, ಉಗುರು, ಕೊಕ್ಕಿನ ಮೇಲೆ ಚಿಪ್ಪು ಒಡೆಯಲೆಂದೇ ಮೂಡುವ ಬಿಳಿ ಹಲ್ಲು, ಎಲ್ಲವೂ ಇತ್ತು. ಒಂದು ಮರಿಯ ಭಂಡಾರ ಇನ್ನೂ ಹೊರಗಿತ್ತು. ಎರಡರ ತಲೆ ಚೂಪು ತುದಿಯ ಕಡೆಗಿತ್ತು, ಗಾಳಿಯಿಲ್ಲದ ಕಡೆಗೆ. ಮಿಕ್ಕ ಆರರಲ್ಲಿ ಗಾಳಿಚೀಲ ಮೊಟ್ಟೆಯ ಮೂರನೇ ಒಂದು ಭಾಗಕ್ಕೂ ಮಿಕ್ಕಿತ್ತು. ಒಳಪೊರೆ ಒಣಗಿ, ಬಿಗಿದ ಕಾಗದದಂತೆ ತುಪ್ಪುಳಕ್ಕೆ ಅಂಟಿತ್ತು. ಅದರಲ್ಲೊಂದು ಚಿಪ್ಪಿಗೆ ನಕ್ಷತ್ರದಂಥ ಬಿರುಕು ಹಾಕಿ ಅಲ್ಲಿಗೇ ಸೋತಿತ್ತು. ಪೊರೆ ಬಿಡಿಸಿದಾಗ ಕೊಕ್ಕು ಬಿರುಕಿಗೆ ಆತುಕೊಂಡೇ ಇತ್ತು. ಇಪ್ಪತ್ತು ದಿನ ಬದುಕಿದ್ದು ಕೊನೆಯ ಗೇಣಿನಲ್ಲಿ ಸತ್ತದ್ದು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಕಾವಿನಲ್ಲಿ ಸಾವು ಎರಡು ಹೊತ್ತಿನಲ್ಲಿ ಹೆಚ್ಚು: ಮೊದಲ ವಾರದ ಮೊದಲರ್ಧದಲ್ಲಿ ಒಮ್ಮೆ, ಕೊನೆಯ ಮೂರು-ನಾಲ್ಕು ದಿನದಲ್ಲಿ ಇನ್ನೊಮ್ಮೆ. ಮೊದಲ ಗುಂಪು ಸಾಮಾನ್ಯವಾಗಿ ಮೊಟ್ಟೆ ಇಟ್ಟುಕೊಂಡ ಬಗೆಯನ್ನು, ಸಾಗಣೆಯ ಕುಲುಕಾಟವನ್ನು, ಶುರುವಿನ ಉಷ್ಣತೆಯನ್ನು ದೂರುತ್ತದೆ. ಕೊನೆಯ ಗುಂಪು ತೇವಾಂಶ, ಗಾಳಿ, ಮೊಟ್ಟೆ ಹೊರಳಿಸಿದ ರೀತಿ ಇವನ್ನು ದೂರುತ್ತದೆ. ನಡುವಿನ ವಾರದಲ್ಲಿ ಸಾವು ಸಹಜವಾಗಿ ಕಡಿಮೆ. ಅಲ್ಲೇ ಹೆಚ್ಚಾಗಿ ಸತ್ತಿದ್ದರೆ ಹೇಂಟೆಯ ಮೇವನ್ನು ಅನುಮಾನಿಸಬೇಕು. ತಾಯಿಗೆ ರೈಬೊಫ್ಲೇವಿನ್‌ನಂಥ ವಿಟಮಿನ್ ಕಡಿಮೆಯಾದರೆ ಮರಿ ಚಿಪ್ಪಿನೊಳಗೇ ಸೊರಗುತ್ತದೆ, ತುಪ್ಪುಳ ಗಂಟುಗಂಟಾಗಿರುತ್ತದೆ. ಬರೀ ಜೋಳ, ನುಚ್ಚು ಹಾಕಿ ಕಟ್ಟಿಹಾಕಿದ ಕೋಳಿಗಳಿಗೆ ಸೊಪ್ಪು, ಹುಳುಹುಪ್ಪಟೆ ಸಿಗದಿದ್ದರೆ ಹೀಗಾಗಬಹುದು. ಒಂದೇ ಹುಂಜದ ಸಂತಾನವನ್ನು ವರ್ಷಗಟ್ಟಲೆ ಒಳಗೊಳಗೇ ಕೂಡಿಸುವುದೂ ಕಾರಣವಾಗುತ್ತದೆ.

ಅರ್ಧ ಡಿಗ್ರಿಯ ಬೆಲೆ

ನನ್ನ ಏಳು ಮರಿಗಳೂ ಒಂದು ಸುಳಿವು ಕೊಟ್ಟಿದ್ದವು. ಅವು ಹತ್ತೊಂಬತ್ತನೇ ದಿನದ ರಾತ್ರಿಯೇ ಚಿಪ್ಪು ಕುಕ್ಕಿ, ಇಪ್ಪತ್ತನೇ ದಿನ ಬೆಳಿಗ್ಗೆ ಹೊರಬಂದಿದ್ದವು. ಎರಡರ ಹೊಕ್ಕುಳು ಮಾಯದೆ ಹಸಿಯಾಗಿತ್ತು. ಬೇಗ ಬಂತಲ್ಲ ಎಂದು ಹಿಗ್ಗಿದ್ದೆ. ಹಿಗ್ಗುವ ವಿಷಯವಲ್ಲ ಅದು. ಕಾವು ಹೆಚ್ಚಾದರೆ ಮರಿ ಅವಸರದಲ್ಲಿ ಬೆಳೆದು ಒಂದು ದಿನ ಮೊದಲೇ ಬರುತ್ತದೆ, ಮೈ ಸಣ್ಣ, ಹೊಕ್ಕುಳು ಹಸಿ. ಕಾವು ಕಡಿಮೆಯಾದರೆ ಇಪ್ಪತ್ತೆರಡು, ಇಪ್ಪತ್ತಮೂರನೇ ದಿನಕ್ಕೆ ಎಳೆಯುತ್ತದೆ, ಹೊಟ್ಟೆ ಊದಿ ಮೆತ್ತಗಿರುತ್ತದೆ, ಕಾಲಲ್ಲಿ ಬಲವಿರುವುದಿಲ್ಲ. ಮರಿ ಬಂದ ದಿನವೇ ಒಂದು ಥರ್ಮಾಮೀಟರು.

ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ ಸೆಲ್ಸಿಯಸ್ ಬೇಕು. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೆ, ತಣ್ಣನೆಯದು ಕೆಳಗೆ ನಿಲ್ಲುವುದರಿಂದ ಮೊಟ್ಟೆಯ ಮೇಲ್ಮಟ್ಟದಲ್ಲಿ ಅಳೆದಾಗ 38.3ರಿಂದ 38.8ರವರೆಗೆ ಇರಬೇಕು. ನನ್ನ ಪೆಟ್ಟಿಗೆಯ ಪರದೆ 21 ದಿನವೂ 37.5 ಎಂದೇ ತೋರಿಸಿತ್ತು. ನಾನು ಪರದೆಯನ್ನು ನಂಬಿದ್ದೆ, ಅದರ ಹಿಂದಿನ ತಂತಿಯನ್ನು ಪರೀಕ್ಷಿಸಿರಲಿಲ್ಲ.

ಪರೀಕ್ಷೆ ಹೀಗೆ. ಔಷಧದ ಸಣ್ಣ ಬಾಟಲಿಗೆ ನೀರು ತುಂಬಿ ಮುಚ್ಚಳ ಬಿಗಿದು, ಪೆಟ್ಟಿಗೆಯಲ್ಲಿ ಮೊಟ್ಟೆಯಿಡುವ ಜಾಗದಲ್ಲಿ ರಾತ್ರಿಯಿಡೀ ಇಟ್ಟೆ. ಮುಚ್ಚಳ ಬಿಗಿಯಲೇಬೇಕು. ತೆರೆದಿಟ್ಟ ನೀರು ಆವಿಯಾಗುತ್ತ ತಣ್ಣಗಾಗಿ ಸುಳ್ಳು ಹೇಳುತ್ತದೆ. ಬೆಳಿಗ್ಗೆ ಬಾಟಲಿ ತೆಗೆದು, ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ತಕ್ಷಣ ನೀರಿಗೆ ಅದ್ದಿದೆ. 38.4 ತೋರಿಸಿತು. ಜ್ವರದ ಥರ್ಮಾಮೀಟರು ತಯಾರಾಗುವುದೇ ಈ ಡಿಗ್ರಿಗಳ ಆಸುಪಾಸಿನಲ್ಲಿ ಕರಾರುವಾಕ್ಕಾಗಿ ಅಳೆಯಲಿಕ್ಕೆ, ಅದಕ್ಕೇ ಇದು ನಂಬಲರ್ಹ. ಗೋಡೆಗೆ ನೇತುಹಾಕುವ ಅಗ್ಗದ ಮಾಪಕ ಒಂದೆರಡು ಡಿಗ್ರಿ ಆಚೀಚೆ ತೋರಿಸಿದರೂ ನಮಗೆ ಗೊತ್ತಾಗುವುದಿಲ್ಲ. ಪೆಟ್ಟಿಗೆಯ ಸೆನ್ಸರ್ ತಂತಿ ಗಾಳಿ ಒಳಬರುವ ತೂತಿನ ಪಕ್ಕ ಜೋತಾಡುತ್ತಿತ್ತು. ಅಲ್ಲಿನ ತಣ್ಣನೆ ಗಾಳಿಯನ್ನು ಅಳೆದು ಬಲ್ಬನ್ನು ಹೆಚ್ಚು ಹೊತ್ತು ಉರಿಸುತ್ತಿತ್ತು. ಸೆನ್ಸರ್ ಇರಬೇಕಾದದ್ದು ಮೊಟ್ಟೆಯ ಎತ್ತರದಲ್ಲಿ, ತೂತಿನಿಂದ ದೂರ, ಬಲ್ಬಿನ ನೇರ ಬೆಳಕು ತಾಗದ ಕಡೆ.

ಈಜಿಪ್ಟಿನಲ್ಲಿ ಮಣ್ಣಿನ ಗೂಡುಗಳಲ್ಲಿ ಸಗಣಿ, ಹುಲ್ಲಿನ ಬೆಂಕಿಯಿಂದ ಮೊಟ್ಟೆಗೆ ಕಾವು ಕೊಡುವ ಪದ್ಧತಿ ಸಾವಿರಾರು ವರ್ಷ ಹಳೆಯದು. ಅಲ್ಲಿನ ಕೆಲಸಗಾರರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿ ಕಾವು ಸರಿಯಿದೆಯೇ ಎಂದು ತಿಳಿಯುತ್ತಿದ್ದರು. ಗಾಳಿಯ ಬಿಸಿಯಲ್ಲ, ಮೊಟ್ಟೆಯ ಬಿಸಿ ಮುಖ್ಯ ಎಂಬುದು ಅವರಿಗೆ ಗೊತ್ತಿತ್ತು. ನಾವು ನೀರಿನ ಬಾಟಲಿಯಿಂದ ಮಾಡುವುದೂ ಅದೇ ಪರೀಕ್ಷೆ.

ಇನ್ನೂ ಎರಡು ಸಂಗತಿ. ಥರ್ಮೋಸ್ಟ್ಯಾಟ್ ಬಲ್ಬನ್ನು ಎಷ್ಟಕ್ಕೆ ಆರಿಸಿ ಎಷ್ಟಕ್ಕೆ ಹೊತ್ತಿಸುತ್ತದೆ ಎಂಬ ಅಂತರವನ್ನು ಅರ್ಧ ಡಿಗ್ರಿಯೊಳಗೆ ಹೊಂದಿಸಿಕೊಳ್ಳಬೇಕು. ಎರಡು ಡಿಗ್ರಿ ಬಿಟ್ಟರೆ ಮೊಟ್ಟೆ ಉಯ್ಯಾಲೆಯಾಡುತ್ತದೆ. ಎರಡನೆಯದು ನಮ್ಮ ಬೇಸಿಗೆ. ಮನೆಯ ಕಾವುಪೆಟ್ಟಿಗೆಗೆ ಬಿಸಿ ಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಮಾಡಿನ ಕೋಣೆಯೇ 40 ದಾಟುತ್ತದೆ. ಆಗ ಬಲ್ಬು ಆರಿದ್ದರೂ ಒಳಗಿನ ಮೊಟ್ಟೆ ಬೇಯುತ್ತದೆ. ಆ ತಿಂಗಳುಗಳಲ್ಲಿ ಮಣ್ಣಿನ ಗೋಡೆಯ ತಂಪು ಒಳಕೋಣೆ ಇದ್ದರೆ ಮಾತ್ರ ಇಡಿ, ಇಲ್ಲವಾದರೆ ಮಳೆಗಾಲಕ್ಕೆ ಕಾಯಿರಿ.

ಕರೆಂಟು ಹೋಗುವುದಕ್ಕೆ ಅಷ್ಟು ಹೆದರಬೇಕಿಲ್ಲ. ಹೇಂಟೆಯೂ ದಿನಕ್ಕೊಮ್ಮೆ ಮೇಯಲು ಎದ್ದುಹೋಗಿ ಮೊಟ್ಟೆಯನ್ನು ತಣ್ಣಗೆ ಬಿಡುತ್ತದೆ. ಒಂದೆರಡು ಗಂಟೆ ಹೋದರೆ ಪೆಟ್ಟಿಗೆ ತೆರೆಯದೆ ಕಂಬಳಿ ಹೊದಿಸಿ, ಗಾಳಿ ತೂತು ಮಾತ್ರ ಬಿಟ್ಟರೆ ಸಾಕು. ತಣ್ಣಗಾದರೆ ಮರಿ ತಡವಾಗುತ್ತದೆ, ಬಿಸಿ ಏರಿದರೆ ಸಾಯುತ್ತದೆ.

ನೀರಿನ ತಟ್ಟೆ, ಉಪ್ಪು, ತಕ್ಕಡಿ

ಒಣಗಿ ಅಂಟಿದ ಆರು ಮರಿಗಳ ಗುಟ್ಟು ತೇವಾಂಶದಲ್ಲಿತ್ತು. ಮೊದಲ 18 ದಿನ ಶೇ 50-55, ಕೊನೆಯ ಮೂರು ದಿನ ಶೇ 65-70 ಇರಬೇಕು. ನನ್ನ ಮಾಪಕ ಕೊನೆಯಲ್ಲಿ 65 ತೋರಿಸುತ್ತಲೇ ಇತ್ತು. ಅದನ್ನೂ ಪರೀಕ್ಷೆಗೆ ಹಾಕಿದೆ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನಂತಾಗಲು ನಾಲ್ಕೈದು ಹನಿ ನೀರು ಬಿಟ್ಟು, ಮಾಪಕದ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ರಾತ್ರಿ ಕಳೆದೆ. ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವಾಂಶ ಶೇ 75ಕ್ಕೆ ನಿಲ್ಲುತ್ತದೆ, ಅದು ಪ್ರಕೃತಿಯೇ ಇಟ್ಟ ಅಳತೆಗೋಲು. ನನ್ನ ಮಾಪಕ 87 ತೋರಿಸಿತು. ಹನ್ನೆರಡು ಹೆಚ್ಚು. ಅಂದರೆ ಅದು 65 ಎಂದಾಗ ನಿಜಕ್ಕೂ ಇದ್ದದ್ದು 53. ಸಾಲದ್ದಕ್ಕೆ, ಒಂದೊಂದು ಮರಿ ಹೊರಬಂದಾಗಲೂ ಮುಚ್ಚಳ ಎತ್ತಿ ಅದನ್ನು ತೆಗೆದಿದ್ದೆ. ಒಮ್ಮೆ ಎತ್ತಿದರೆ ಒಳಗಿನ ಹಬೆಯೆಲ್ಲ ಹೊರಗೆ. ಬಿರುಕು ಹಾಕಿದ ಮೊಟ್ಟೆಗಳ ಪೊರೆ ಒಣಗಿದ್ದು ಹಾಗೆ.

ಆದರೆ ಮಾಪಕಕ್ಕಿಂತಲೂ ದೊಡ್ಡ ಸಾಕ್ಷಿ ಅಡುಗೆಮನೆಯ ತಕ್ಕಡಿ. ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಅವುಗಳಿಂದ ನೀರು ಆವಿಯಾಗುತ್ತ ಹೋಗಿ ಗಾಳಿಚೀಲ ದೊಡ್ಡದಾಗುತ್ತದೆ. ಹದಿನೆಂಟು ದಿನದಲ್ಲಿ ಮೊಟ್ಟೆ ತನ್ನ ತೂಕದ ಸುಮಾರು ಶೇ 12 ಕಳೆದುಕೊಳ್ಳಬೇಕು. ನಾಟಿ ಮೊಟ್ಟೆ 45 ಗ್ರಾಂ ಎಂದಿಟ್ಟುಕೊಂಡರೆ 24 ಮೊಟ್ಟೆಗೆ 1080 ಗ್ರಾಂ. ಆರನೇ ದಿನಕ್ಕೆ ಸುಮಾರು 43 ಗ್ರಾಂ, ಹನ್ನೆರಡಕ್ಕೆ 86, ಹದಿನೆಂಟಕ್ಕೆ 130 ಗ್ರಾಂ ಇಳಿದಿರಬೇಕು. ಹೆಚ್ಚು ಇಳಿದಿದ್ದರೆ ಪೆಟ್ಟಿಗೆ ಒಣಗಿದೆ, ನೀರಿನ ತಟ್ಟೆ ಅಗಲ ಮಾಡಿ. ಕಡಿಮೆ ಇಳಿದಿದ್ದರೆ ತೇವ ಹೆಚ್ಚಿದೆ, ತಟ್ಟೆ ತೆಗೆಯಿರಿ. ನಡುವೆ ಗೊಡ್ಡು ಮೊಟ್ಟೆ ತೆಗೆದಿದ್ದರೆ ಉಳಿದವುಗಳ ಲೆಕ್ಕವನ್ನಷ್ಟೇ ಹಾಕಿ. ತಟ್ಟೆಯ ಆಳದಿಂದ ತೇವಾಂಶ ಹೆಚ್ಚಾಗುವುದಿಲ್ಲ, ನೀರಿನ ಮೇಲ್ಮೈ ಅಗಲದಿಂದ ಹೆಚ್ಚಾಗುತ್ತದೆ. ಚೊಂಬು ತುಂಬಾ ನೀರಿಡುವುದಕ್ಕಿಂತ ಅಗಲ ತಟ್ಟೆಯಲ್ಲಿ ಬೆರಳು ದಪ್ಪ ನೀರು ಮೇಲು.

ಆದರೆ ತಟ್ಟೆಯ ಲೆಕ್ಕ ಊರಿಂದೂರಿಗೆ ಬೇರೆಯಾಗುತ್ತದೆ. ಬಯಲುಸೀಮೆಯ ಮಾರ್ಚ್‌ನಲ್ಲಿ ಎರಡು ತಟ್ಟೆ ಸಾಲದೆ ಹೋಗಬಹುದು. ಮಂಗಳೂರು, ಉಡುಪಿಯ ಜುಲೈ ತಿಂಗಳಲ್ಲಿ ಮೊದಲ 18 ದಿನ ಒಂದು ತಟ್ಟೆಯೂ ಬೇಕಾಗದಿರಬಹುದು. ಅಲ್ಲಿ ಹೊರಗಿನ ಗಾಳಿಯೇ ಒದ್ದೆ. ತೇವ ಹೆಚ್ಚಾದರೆ ಗಾಳಿಚೀಲ ಸಣ್ಣದಾಗಿಯೇ ಉಳಿದು, ಮರಿ ಊದಿಕೊಂಡು, ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಲೋಳೆಯಲ್ಲೇ ಮುಳುಗಿ ಸಾಯುತ್ತದೆ. ಒಡೆದಾಗ ಒಳಗೆ ಅಂಟು ನೀರು ಸುರಿಯುತ್ತದೆ. ಬಯಲುಸೀಮೆಯವರ ಲೆಕ್ಕವನ್ನು ಕರಾವಳಿಯವರು ಹಾಗೇ ಪಾಲಿಸಿದರೆ ಆಗುವುದು ಇದು. ತಕ್ಕಡಿಯ ಲೆಕ್ಕ ಮಾತ್ರ ಎಲ್ಲ ಊರಿಗೂ ಒಂದೇ.

ಹೊರಳಿಸುವುದು, ಬಿಟ್ಟುಬಿಡುವುದು

ಚೂಪು ತುದಿಗೆ ತಲೆಯಿಟ್ಟು ಸತ್ತ ಎರಡು ಮರಿಗಳದ್ದು ನನ್ನದೇ ತಪ್ಪು. ಮೊಟ್ಟೆ ಜೋಡಿಸುವಾಗ ಕೆಲವನ್ನು ಚೂಪು ತುದಿ ಮೇಲಾಗಿ ನಿಲ್ಲಿಸಿದ್ದೆ. ನಿಲ್ಲಿಸುವುದಾದರೆ ದಪ್ಪ ತುದಿಯೇ ಮೇಲಿರಬೇಕು, ಇಲ್ಲವೇ ಅಡ್ಡಡ್ಡ ಮಲಗಿಸಬೇಕು.

ಹೇಂಟೆ ದಿನವಿಡೀ ಕೊಕ್ಕಿನಿಂದ, ಎದೆಯಿಂದ ಮೊಟ್ಟೆ ಹೊರಳಿಸುತ್ತಲೇ ಇರುತ್ತದೆ. ಹೊರಳಿಸದಿದ್ದರೆ ಹಗುರವಾದ ಭಂಡಾರ ಮೇಲೇರಿ, ಅದರ ಮೇಲೆ ಮೂಡಿದ ಜೀವ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ಮರಿಗೆ ಉಸಿರು ಒದಗಿಸುವ ರಕ್ತನಾಳಗಳೂ ಸರಿಯಾಗಿ ಹರಡುವುದಿಲ್ಲ. ಮೊದಲ ವಾರ ಇದು ಅತಿ ಮುಖ್ಯ, ಅದರ ಫಲ ಮಾತ್ರ ಕೊನೆಯ ದಿನಗಳಲ್ಲಿ ತಿಳಿಯುತ್ತದೆ. ಕೈಯಲ್ಲಿ ಹೊರಳಿಸುವವರು ಪೆನ್ಸಿಲ್‌ನಿಂದ ಒಂದು ಬದಿಗೆ ಗೀಟು, ಇನ್ನೊಂದು ಬದಿಗೆ ಸೊನ್ನೆ ಹಾಕಿ, ದಿನಕ್ಕೆ ಮೂರು ಅಥವಾ ಐದು ಸಲ ಹೊರಳಿಸಬೇಕು. ಬೆಸ ಸಂಖ್ಯೆ ಏಕೆಂದರೆ, ರಾತ್ರಿಯ ಉದ್ದನೆಯ ಹೊತ್ತು ಒಂದು ದಿನ ಗೀಟು ಮೇಲಿದ್ದರೆ ಮರುದಿನ ಸೊನ್ನೆ ಮೇಲಿರಲಿ ಎಂದು. ಒಂದೇ ದಿಕ್ಕಿಗೆ ಸುತ್ತುತ್ತ ಹೋಗಬೇಡಿ. ಬಲಕ್ಕೊಮ್ಮೆ, ಎಡಕ್ಕೊಮ್ಮೆ.

ಹದಿನೆಂಟನೇ ದಿನದಿಂದ ಇದನ್ನೆಲ್ಲ ನಿಲ್ಲಿಸಿಬಿಡಬೇಕು. ಮೊಟ್ಟೆ ಹೊರಳಿಸಬೇಡಿ, ನೀರಿನ ತಟ್ಟೆ ಅಗಲಿಸಿ, ಗಾಳಿಯ ತೂತು ಪೂರ್ತಿ ತೆರೆಯಿರಿ, ಮುಚ್ಚಳ ಹಾಕಿ. ಈಗ ಒಳಗಿನ ಮರಿಗಳಿಗೆ ಹೆಚ್ಚು ಆಮ್ಲಜನಕ ಬೇಕು. ಬಿಸಿ, ಹಬೆ ಹೋದೀತೆಂದು ತೂತು ಮುಚ್ಚಿದರೆ ಬಲವಾದ ಮರಿಗಳೇ ಉಸಿರುಗಟ್ಟುತ್ತವೆ. ಮೊದಲು ಬಂದ ಮರಿ ಹಸಿದೀತೆಂಬ ಆತಂಕ ಬೇಡ. ಹೊಟ್ಟೆಗೆ ಎಳೆದುಕೊಂಡ ಭಂಡಾರ ಎರಡು-ಮೂರು ದಿನಕ್ಕೆ ಸಾಕು. ಒಂದು ದಿನ ಪೆಟ್ಟಿಗೆಯಲ್ಲೇ ಒಣಗಲಿ.

ಚಿಪ್ಪಿಗೆ ತೂತು ಬಿದ್ದಮೇಲೆ ಮರಿ ಹೊರಬರಲು ಹನ್ನೆರಡು ಗಂಟೆ, ಕೆಲವೊಮ್ಮೆ ಇಡೀ ದಿನ ಹಿಡಿಯುತ್ತದೆ. ಅದು ಸುಮ್ಮನೆ ಬಿದ್ದಂತೆ ಕಂಡರೂ ಒಳಗೆ ಭಂಡಾರ ಎಳೆದುಕೊಳ್ಳುತ್ತ, ಪೊರೆಯ ರಕ್ತವನ್ನು ಮೈಗೆ ತೆಗೆದುಕೊಳ್ಳುತ್ತ ಇರುತ್ತದೆ. ಕರುಣೆಯಿಂದ ಚಿಪ್ಪು ಸುಲಿಯಲು ಹೋದರೆ ರಕ್ತ ಹರಿದು ಸಾಯುತ್ತದೆ. ಆ ಹೊತ್ತಿನಲ್ಲಿ ಕೈಕಟ್ಟಿ ಕೂರುವುದೇ ನಾವು ಮಾಡಬಹುದಾದ ಉಪಕಾರ.

ಪೆಟ್ಟಿಗೆಗೆ ಮೊದಲು

ರಕ್ತದ ಬಳೆಯ ಮೂರು ಮೊಟ್ಟೆಗಳ ಕಥೆ ಅಡುಗೆಮನೆಯ ಗೂಡಿನಲ್ಲಿ ಶುರುವಾಗಿತ್ತು. 24 ಸೇರಲಿ ಎಂದು ಹನ್ನೆರಡು ದಿನ ಮೊಟ್ಟೆ ಕೂಡಿಟ್ಟಿದ್ದೆ, ಒಲೆಯ ಪಕ್ಕದ ಗೂಡಿನಲ್ಲಿ. ಸುಮಾರು 20 ಡಿಗ್ರಿಗಿಂತ ಕೆಳಗೆ ಮೊಟ್ಟೆಯ ಜೀವ ನಿದ್ದೆಯಲ್ಲಿರುತ್ತದೆ. ಮೇಲೆ ಹೋದರೆ ಅರೆಬರೆ ಬೆಳೆಯತೊಡಗಿ ಸೊರಗುತ್ತದೆ. ಮಾರ್ಚ್‌ನ ಅಡುಗೆಮನೆ ಅದಕ್ಕೆ ನಿದ್ದೆಯನ್ನೂ ಕೊಡಲಿಲ್ಲ, ಕಾವನ್ನೂ ಕೊಡಲಿಲ್ಲ. ಫ್ರಿಜ್ಜಿನ ನಾಲ್ಕು ಡಿಗ್ರಿಯೂ ಅತಿಯಾದ ಚಳಿ. 15ರಿಂದ 18 ಡಿಗ್ರಿ ಒಳ್ಳೆಯದು. ಮಣ್ಣಿನ ಪಾತ್ರೆಯಲ್ಲಿ ಒದ್ದೆ ಮರಳು ತುಂಬಿ, ಮೇಲೆ ಗೋಣಿತಾಟು ಹಾಸಿ, ಚೂಪು ತುದಿ ಕೆಳಗಾಗಿ ಮೊಟ್ಟೆಯಿಟ್ಟು ನೆರಳಲ್ಲಿಟ್ಟರೆ ಹಳ್ಳಿಮನೆಯಲ್ಲಿ ಸಾಧ್ಯವಾದಷ್ಟು ತಂಪು ಸಿಗುತ್ತದೆ. ಏಳು ದಿನ ದಾಟಿದ ಮೇಲೆ ದಿನದಿನಕ್ಕೂ ಮರಿಯಾಗುವ ಶಕ್ತಿ ಕುಗ್ಗುತ್ತದೆ. ಇಪ್ಪತ್ತನಾಲ್ಕು ಹಳೆಯದಕ್ಕಿಂತ ಹನ್ನೆರಡು ಹೊಸದು ಮೇಲು.

ಕೊಳಕು ಮೊಟ್ಟೆ ಇಡಬೇಡಿ, ತೊಳೆದೂ ಇಡಬೇಡಿ. ತೊಳೆದರೆ ಚಿಪ್ಪಿನ ಮೇಲಿನ ರಕ್ಷಣೆಯ ಲೇಪ ಹೋಗಿ ರಂಧ್ರಗಳ ಮೂಲಕ ಸೋಂಕು ಒಳಗಿಳಿಯುತ್ತದೆ. ಗೂಡಿಗೆ ಒಣಹುಲ್ಲು ಹಾಕಿ, ದಿನಕ್ಕೆರಡು ಸಲ ಮೊಟ್ಟೆ ಎತ್ತಿದರೆ ತೊಳೆಯುವ ಪ್ರಶ್ನೆಯೇ ಬಾರದು. ಬಸ್ಸಿನಲ್ಲೋ ಪಾರ್ಸೆಲ್‌ನಲ್ಲೋ ಬಂದ ಮೊಟ್ಟೆಯನ್ನು ಒಂದು ದಿನ ಚೂಪು ತುದಿ ಕೆಳಗಾಗಿ ಅಲುಗಿಸದೆ ಇಟ್ಟು ಆಮೇಲೆ ಕಾವಿಗಿಡಿ.

ಒಂದು ನೋಟ್‌ಪುಸ್ತಕ

ಎರಡನೇ ಸರದಿಗೆ ಬದಲಿಸಿದ್ದು ಅಳತೆಯನ್ನು ಮಾತ್ರ. ಸೆನ್ಸರ್ ಮೊಟ್ಟೆಯ ಮಟ್ಟಕ್ಕೆ ಇಳಿಸಿದೆ, ತೇವಮಾಪಕದ ಮೇಲೆ ‘12 ಕಳೆಯಿರಿ’ ಎಂದು ಚೀಟಿ ಅಂಟಿಸಿದೆ. ಮತ್ತೆ 24 ಇಟ್ಟೆ. ನಾಲ್ಕು ಗೊಡ್ಡು, ಉಳಿದ ಇಪ್ಪತ್ತರಲ್ಲಿ ಹನ್ನೆರಡು ಮರಿ, ಶೇ 60. ಮೂರನೇ ಸರದಿಗೆ ಐದು ದಿನದೊಳಗಿನ ಮೊಟ್ಟೆ ಆರಿಸಿ, ದಪ್ಪ ತುದಿ ಮೇಲಿಟ್ಟು, ಕೊನೆಯ ಮೂರು ದಿನ ಮುಚ್ಚಳ ಮುಟ್ಟಲಿಲ್ಲ. ಮತ್ತೆ ನಾಲ್ಕು ಗೊಡ್ಡು, ಇಪ್ಪತ್ತರಲ್ಲಿ ಹದಿನಾರು ಮರಿ, ಶೇ 80. ಬಂದದ್ದು ಇಪ್ಪತ್ತೊಂದನೇ ದಿನವೇ, ಹೊಕ್ಕುಳು ಮಾಯ್ದು. ಪೆಟ್ಟಿಗೆ ಅದೇ, ಹುಂಜ ಅದೇ, ಕರೆಂಟೂ ಅದೇ.

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ, ಮುಂದಿನ ಸಲ ಕೆಟ್ಟರೆ ಯಾವುದರಿಂದ ಕೆಟ್ಟಿತೆಂದೂ ತಿಳಿಯುವುದಿಲ್ಲ. ಮೊದಲು ಮಾಪಕಗಳನ್ನು ಸರಿಮಾಡಿ. ಅವು ಸುಳ್ಳು ಹೇಳುತ್ತಿರುವ ತನಕ ಉಳಿದ ತಿದ್ದುಪಡಿಗಳೆಲ್ಲ ಕತ್ತಲೆಯಲ್ಲಿ ಕಲ್ಲೆಸೆದಂತೆ. ಆಮೇಲೆ ಸತ್ತ ಮೊಟ್ಟೆಗಳು ಯಾವ ದಿನದ ಕಡೆ ಬೆರಳು ತೋರಿಸುತ್ತವೋ ಆ ದಿನದ ಕೆಲಸವನ್ನು ತಿದ್ದಿ. ಇಟ್ಟ ತಾರೀಖು, ಮೊಟ್ಟೆಯ ಸಂಖ್ಯೆ, ತೂಕ, ದಿನದ ಉಷ್ಣತೆ, ಕರೆಂಟು ಹೋದ ಹೊತ್ತು, ಏಳನೇ ದಿನ ಟಾರ್ಚಿನಲ್ಲಿ ಕಂಡದ್ದು, ಮರಿ ಬಂದ ದಿನ, ಒಡೆದಾಗ ಕಂಡದ್ದು: ಎರಡು ರೂಪಾಯಿಯ ಪೆನ್ಸಿಲ್ಲಿನಲ್ಲಿ ಇಷ್ಟು ಬರೆದಿಟ್ಟರೆ, ಮೂರು ಸರದಿಯೊಳಗೆ ನಿಮ್ಮ ಪೆಟ್ಟಿಗೆಯ ಗುಣ ನಿಮಗೆ ಬಾಯಿಪಾಠವಾಗುತ್ತದೆ.

ಎಷ್ಟು ಜೋಪಾನ ಮಾಡಿದರೂ ನೂರಕ್ಕೆ ನೂರು ಮರಿ ಬರುವುದಿಲ್ಲ, ಹೇಂಟೆಯ ಕೆಳಗೂ ಬರುವುದಿಲ್ಲ. ಆದರೆ ಬೆಳೆದು ನಿಂತ ಮರಿ ನಮ್ಮ ಮಾಪಕದ ತಪ್ಪಿಗೆ ಚಿಪ್ಪಿನೊಳಗೆ ಸಾಯಬಾರದು. ಮುಂದಿನ ಸಲ ನಿಮ್ಮ ಪೆಟ್ಟಿಗೆಯಲ್ಲಿ ಮೊಟ್ಟೆ ಉಳಿದರೆ ತಿಪ್ಪೆಗೆ ಎಸೆಯುವ ಮುನ್ನ ಒಂದು ಹಾಳೆ ಹಾಸಿ ಕೂತುಕೊಳ್ಳಿ. ಒಂದೊಂದಾಗಿ ಒಡೆಯಿರಿ, ನೋಡಿ, ಬರೆದುಕೊಳ್ಳಿ. ಆಮೇಲೆ ನಾಯಿ ಎಳೆಯದಂತೆ ಆಳವಾದ ಗುಂಡಿಯಲ್ಲಿ ಹೂಳಿ, ಸೋಪು ಹಾಕಿ ಕೈ ತೊಳೆದುಕೊಳ್ಳಿ.